ಅಂಕದ ಜೊತೆ ಮಗುವಿನ ಕೆಲಸವೂ ಮನೆಗೆ ಹೋಗಲಿ: ಸರ್ಕಾರಿ ಶಾಲೆಯ ಶಿಕ್ಷಕರಿಗೊಂದು ಬಹಿರಂಗ ಪತ್ರ

ಸರ್ಕಾರಿ ಪ್ರಾಥಮಿಕ ಶಾಲೆಗಳ ನನ್ನ ಶಿಕ್ಷಕ ಬಂಧುಗಳಿಗೆ,



ನಿಮ್ಮೆಲ್ಲರ ಫೋನಿನಲ್ಲೂ ಪೋಷಕರ ವಾಟ್ಸ್ಆ್ಯಪ್ ಗುಂಪು ಒಂದಿದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿತ್ತು. ಆಮೇಲೆ ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ ವಿದ್ಯಾಗಮ ಬಂತು. ಗುಡಿಯ ಕಟ್ಟೆ, ಅರಳಿಮರದ ನೆರಳು, ಸಮುದಾಯ ಭವನ ಅಂತ ಪಾಠವನ್ನು ಹೊತ್ತು ಓಣಿ ಓಣಿ ತಿರುಗಿದಿರಿ. ಆಗ ಮನೆಮನೆಯ ನಂಬರು ಬರೆದುಕೊಂಡು ಎಷ್ಟೋ ಶಾಲೆಗಳಲ್ಲಿ ಕಟ್ಟಿದ ಗುಂಪು ಅದು. ಈಗಲೂ ಇದೆ. ನಾಳೆ ರಜೆ, ಆಧಾರ್ ಜೆರಾಕ್ಸ್ ತನ್ನಿ, ಶೂ ಅಳತೆ ಕೊಡಿ, ಪೋಷಕರ ಸಭೆಗೆ ತಪ್ಪದೇ ಬನ್ನಿ ಎಂಬ ಸೂಚನೆಗಳು ಅದರಲ್ಲಿ ಬರುತ್ತವೆ. ಧ್ವಜಾರೋಹಣದ ಫೋಟೊಗಳು, ಪ್ರತಿಭಾ ಕಾರಂಜಿಯ ಫೋಟೊಗಳು ಬರುತ್ತವೆ. ನನ್ನ ಮಗು ಈ ವಾರ ಏನು ಕಲಿಯಿತು ಎನ್ನುವ ಸುದ್ದಿ ಮಾತ್ರ ಅಲ್ಲಿ ಯಾವ ತಾಯಿಗೂ ಸಿಗುವುದಿಲ್ಲ.

ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ. ಮಗು ಮಾಡಿದ ಕೆಲಸವನ್ನೇ, ಅಂದರೆ ಅದು ಬರೆದ ಹಾಳೆಯನ್ನು, ಓದಿದ ದನಿಯನ್ನು, ಲೆಕ್ಕ ಬಿಡಿಸಿದ ಬಗೆಯನ್ನು ತಿಂಗಳಿಗೊಮ್ಮೆಯಾದರೂ ಆ ಮಗುವಿನ ಮನೆಗೆ ಕಳಿಸಿ. ಮನೆಯವರು ಏನೆನ್ನುತ್ತಾರೆ ಕೇಳಿಸಿಕೊಳ್ಳಿ. ಎರಡನ್ನೂ ತಾರೀಖು ಹಾಕಿ ಒಂದೆಡೆ ಕೂಡಿಡಿ. ಇದಕ್ಕೆ ಡಿಜಿಟಲ್ ಪೋರ್ಟ್‌ಫೋಲಿಯೊ ಎಂಬ ದೊಡ್ಡ ಹೆಸರಿದೆ. ನಮ್ಮ ತರಬೇತಿಗಳಲ್ಲಿ ಕೃತಿ ಸಂಪುಟ ಎಂದು ಬರೆದುಕೊಂಡಿದ್ದೆವಲ್ಲ, ಅದೇ ಇದು. ಅಲ್ಮೇರಾದಲ್ಲಿ ಇರುತ್ತಿದ್ದುದು ಮನೆಗೆ ಹೋಗಬೇಕು, ಅಷ್ಟೇ ವ್ಯತ್ಯಾಸ.

ಮಕ್ಕಳ ಕೆಲಸವನ್ನು ಕಾಣುವಂತೆ ಇಡುವುದು ನಮಗೇನೂ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾದಾಗಿನಿಂದ ತರಗತಿಯ ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹಗಳನ್ನು ತೂಗುಹಾಕಿದ್ದೇವೆ. ನಲಿ-ಕಲಿಯ ಚಪ್ಪರ ಅಂದರೆ ಮಕ್ಕಳಿಗೆ ಜೀವ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ಬಂತು. ಗೋಡೆಯ ಮೇಲೆ ಪ್ರಗತಿ ನೋಟ, ಕಲಿಕಾ ಏಣಿ ಬಂದವು. ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂದು ಮಗುವೇ ಬೆರಳಿಟ್ಟು ತೋರಿಸುತ್ತಿತ್ತು. 2022-23ರ ಕಲಿಕಾ ಚೇತರಿಕೆಯ ವರ್ಷದಲ್ಲಿ ಕಲಿಕಾ ಹಾಳೆಗಳನ್ನು ತುಂಬಿಸಿ ಫೈಲು ಮಾಡಿದಿರಿ. ಎಷ್ಟು ಶ್ರಮ ಅದು! ಆ ಫೈಲುಗಳನ್ನು ಸಿಆರ್‌ಪಿ ನೋಡಿದರು, ಬಂದ ಅಧಿಕಾರಿಗಳು ತಿರುವಿಹಾಕಿದರು. ಅಪ್ಪ–ಅಮ್ಮ ಎಷ್ಟು ಜನ ನೋಡಿದರು? ಕೂಲಿ ಬಿಟ್ಟು ಹಗಲು ಹನ್ನೊಂದಕ್ಕೆ ಶಾಲೆಗೆ ಬರುವ ಶಕ್ತಿ ಇರುವವರು ಎಷ್ಟು ಮಂದಿ? ಸಭೆಗೆ ಬಂದವರಿಗೂ ಕೈಗೆ ಸಿಕ್ಕಿದ್ದು ಹಾಜರಿಯ ಮಾತು, ಗ್ರೇಡಿನ ಮಾತು, ಒಂದು ಸಹಿ.

ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಬೇಕು, ಹಾಜರಾತಿಯನ್ನಷ್ಟೇ ಅಲ್ಲದೆ ಮಗುವಿನ ಕಲಿಯುವ ಸಾಮರ್ಥ್ಯ ಮತ್ತು ಕಲಿಕೆಯ ಪ್ರಗತಿಯನ್ನೂ ತಿಳಿಸಬೇಕು ಎನ್ನುತ್ತದೆ. ಹಾಜರಾತಿ ತಿಳಿಸುವುದು ಸುಲಭ. ಪ್ರಗತಿ ತಿಳಿಸುವುದು ಹೇಗೆ? ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ ಮಾಡಿ, ಕೂಡಿಸಿ, ಭಾಗಿಸಿ, ಕೊನೆಗೆ ಒಂದು ಬಿ ಪ್ಲಸ್ ಬರೆಯುತ್ತೇವೆ. 50ಕ್ಕೂ 69ಕ್ಕೂ ನಡುವೆ ಎಲ್ಲೋ ಇದ್ದಾನೆ ಎಂದು ಅರ್ಥ. ಅದನ್ನು ಹಿಡಿದುಕೊಂಡು ಅಪ್ಪ ಏನು ಮಾಡಬೇಕು? ಒಂದೋ ಬೈಯಬೇಕು, ಇಲ್ಲವೇ ಸುಮ್ಮನಿರಬೇಕು. ಮಗುವಿಗೆ ಸಹಾಯ ಮಾಡಲು ಬೇಕಾದ ಒಂದೇ ಒಂದು ಎಳೆಯೂ ಆ ಅಕ್ಷರದಲ್ಲಿ ಇಲ್ಲ.

ಒಂದು ಲೆಕ್ಕ ನೋಡಿ. 52ರಲ್ಲಿ 27 ಕಳೆಯಬೇಕು. ಮೂರನೇ ತರಗತಿಯ ಹುಡುಗ 35 ಎಂದು ಬರೆದಿದ್ದಾನೆ. ನಾವು ಕೆಂಪು ಗೆರೆ ಎಳೆಯುತ್ತೇವೆ. ಆದರೆ ಅವನ ಶಿಕ್ಷಕರು ಗೆರೆ ಎಳೆಯುವ ಮೊದಲು ಹಾಳೆಯ ಫೋಟೊ ತೆಗೆದು, ಹೇಗೆ ಮಾಡಿದೆ ಹೇಳು ಮಗಾ ಎಂದು ಫೋನು ಹಿಡಿದರು. ಹುಡುಗ ಹೇಳಿದ: "ಎರಡರಾಗ ಏಳು ಹೋಗಂಗಿಲ್ರಿ, ಅದಕ್ಕ ಏಳರಾಗ ಎರಡು ತಗದೀನ್ರಿ." ಇಪ್ಪತ್ತು ಸೆಕೆಂಡಿನ ದನಿ. ಹಾಳೆ, ದನಿ ಎರಡೂ ಅವನ ಮನೆಗೆ ಹೋದವು. ಅವನ ಅಪ್ಪ ವಾರದ ಸಂತೆಗಳಲ್ಲಿ ಉಳ್ಳಾಗಡ್ಡಿ, ಬದನೆಕಾಯಿ ಮಾರುವವರು. ಪುಸ್ತಕದ ಕಳೆಯುವ ಲೆಕ್ಕ ಅವರಿಗೆ ಬರುತ್ತದೋ ಇಲ್ಲವೋ, ಚಿಲ್ಲರೆಯ ಲೆಕ್ಕ ರಕ್ತದಲ್ಲೇ ಇದೆ. ರಾತ್ರಿ ಅವರ ದನಿ ವಾಪಸ್ಸು ಬಂತು. ಮಗನನ್ನು ಎದುರಿಗೆ ಕೂರಿಸಿಕೊಂಡು ಮಾತಾಡುತ್ತಿದ್ದರು: "ನಿನ್ನ ಕೈಯಾಗ ಐವತ್ತೆರಡು ರೂಪಾಯಿ ಐತಿ. ಹತ್ತರವು ಐದು ನೋಟು, ರೂಪಾಯಿವು ಎರಡು. ನನಗ ಇಪ್ಪತ್ತೇಳು ಕೊಡಬೇಕು. ಏಳು ರೂಪಾಯಿ ಎಲ್ಲಿಂದ ತರ್ತಿ? ಒಂದು ಹತ್ತರ ನೋಟು ಮುರಸು." ದಶಕ ಬಿಡಿಸುವುದನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ. ಆ ಶಿಕ್ಷಕರು ಮರುದಿನ ಆ ದನಿಯನ್ನು ಹುಡುಗನ ಒಪ್ಪಿಗೆ ಕೇಳಿ ಇಡೀ ತರಗತಿಗೆ ಕೇಳಿಸಿದರು. ಒಬ್ಬ ಅಪ್ಪ ಆ ದಿನ ಗಣಿತದ ಪಾಠ ಮಾಡಿದ.

ನಾನು ಹೇಳಬೇಕಾಗಿರುವ ಮುಖ್ಯ ಮಾತು ಇಲ್ಲೇ ಇದೆ. ಪೋಷಕರಿಗೆ ಆಸಕ್ತಿ ಇಲ್ಲ, ಓದು ಬಾರದವರು, ಅವರಿಂದ ಏನಾಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತೇವೆ. ಅವರಿಗೆ ಆಸಕ್ತಿ ಇದೆ. ಆದರೆ ಆ ಆಸಕ್ತಿ ಹಿಡಿದುಕೊಳ್ಳಲು ಏನನ್ನಾದರೂ ಕೊಡಬೇಕಲ್ಲ? ಗ್ರೇಡು ಕೊಟ್ಟರೆ ತೀರ್ಪು ಕೊಟ್ಟ ಹಾಗೆ. ಮಗುವಿನ ಕೆಲಸ ಕೊಟ್ಟರೆ ಮಾತಿಗೆ ವಿಷಯ ಕೊಟ್ಟ ಹಾಗೆ.

ಗುಳೆ ಹೋಗುವ ಮನೆಗಳ ಸಂಗತಿ ಇನ್ನೂ ದೊಡ್ಡದು. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಅಪ್ಪ–ಅಮ್ಮ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ಹೊರಟರೆ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಈ ಪೋಷಕರು ಯಾವ ಸಭೆಗೆ ಬಂದಾರು? ಲಿಂಗಸುಗೂರು ಕಡೆಯ ಒಂದು ಊರಿನಲ್ಲಿ ಇಂಥದ್ದೇ ಒಬ್ಬ ಮೂರನೇ ತರಗತಿಯ ಹುಡುಗಿ. ಅರ್ಕಾವೊತ್ತು ಬಂದರೆ ನಿಂತುಬಿಡುತ್ತಿದ್ದಳು. ಸೂರ್ಯ ಎಂಬುದನ್ನು ಸೂ, ಯ, ರ ಎಂದು ಬಿಡಿಬಿಡಿಯಾಗಿ ಕೂಡಿಸಿ, ತಲೆ ಎತ್ತಿ ಮೇಡಂ ಮುಖ ನೋಡುತ್ತಿದ್ದಳು. ಜುಲೈನಲ್ಲಿ ಅವಳ ಓದನ್ನು ಆಕೆಯ ಶಿಕ್ಷಕಿ ಒಂದು ನಿಮಿಷ ಧ್ವನಿಮುದ್ರಿಸಿ ತಾಯಿಯ ಫೋನಿಗೆ ಕಳಿಸಿದರು. ಡಿಸೆಂಬರಿನಲ್ಲಿ ಅದೇ ಪುಟವನ್ನು ಮತ್ತೆ ಓದಿಸಿ ಕಳಿಸಿದರು. ತಾಯಿಗೆ ಅಕ್ಷರ ಬರುವುದಿಲ್ಲ. ಅರ್ಕಾವೊತ್ತು ಎಂದರೇನು ಎಂದೂ ತಿಳಿಯದು. ಬೆಂಗಳೂರಿನ ಶೆಡ್ಡಿನಲ್ಲಿ ಕೂತು ಎರಡನ್ನೂ ಒಂದರ ಹಿಂದೊಂದು ಹಾಕಿಕೊಂಡು ಕೇಳಿದ ಆಕೆ ಶಿಕ್ಷಕಿಗೆ ಫೋನು ಮಾಡಿ, "ಮೊದ್ಲು ಮುಗ್ಗರಸ್ತಿದ್ಲು, ಈಗ ಸರಳ ಹೊಂಟಾಳ್ರಿ" ಎಂದರಂತೆ. ಸಿ ಇದ್ದದ್ದು ಬಿ ಆಯಿತು ಎಂದಿದ್ದರೆ ಈ ತಾಯಿಗೆ ಏನು ತಿಳಿಯುತ್ತಿತ್ತು?

ಆಮೇಲೆ ಏನಾಯಿತು ಎಂಬುದು ನನಗೆ ಇನ್ನೂ ಮುಖ್ಯ. ದಿನಾ ರಾತ್ರಿ ಊಟ ಆತೇನು, ಸಾಲಿಗೆ ಹೋಗಿದ್ದೇನು ಎಂದು ಕೇಳಿ ಫೋನಿಡುತ್ತಿದ್ದ ತಾಯಿ, ಇವತ್ತಿಂದು ಓದಿ ಹೇಳು ಎಂದು ಕೇಳಲು ಶುರುಮಾಡಿದರು. ಅಜ್ಜಿಯ ಹಳೆಯ ಫೋನಿನ ಎದುರು ಪುಸ್ತಕ ಹಿಡಿದು ಆ ಹುಡುಗಿ ಓದತೊಡಗಿದಳು. ಓದು ಸುಧಾರಿಸಿದ್ದರಲ್ಲಿ ಶಿಕ್ಷಕಿಯ ಪಾಲೆಷ್ಟು, ಆ ರಾತ್ರಿಗಳ ಪಾಲೆಷ್ಟು ಎಂದು ಅಳೆದು ಹೇಳಲಾರೆ. ನಾನೂರು ಕಿಲೋಮೀಟರ್ ಆಚೆ ಇದ್ದ ತಾಯಿ ಮಗಳ ತರಗತಿಯೊಳಕ್ಕೆ ಬಂದದ್ದಂತೂ ನಿಜ.

ಇನ್ನು ಅಪ್ಪ–ಅಮ್ಮನ ಜೊತೆಗೇ ಗುಳೆ ಹೋಗುವ ಮಕ್ಕಳಿದ್ದಾರೆ. ನಡುವರ್ಷದಲ್ಲಿ ಊರು ಬಿಟ್ಟು, ಸಿಕ್ಕರೆ ಒಂದು ಟೆಂಟ್ ಶಾಲೆಯಲ್ಲಿ ಕೂತು, ಬೇಸಿಗೆಗೆ ಮರಳುವ ಮಕ್ಕಳು. ಇಲಾಖೆಯ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಹುಡುಕಿದರೆ ಆ ಮಗುವಿನ ಹೆಸರು, ತರಗತಿ, ಅಂಕ ಸಿಗುತ್ತವೆ. ಮೂರಂಕಿಯ ಸಂಖ್ಯೆ ಓದುತ್ತದೆಯೇ, ಗುಣಾಕಾರ ಎಲ್ಲಿಗೆ ನಿಂತಿತ್ತು, ಕಥೆ ಹೇಳಲು ಇಷ್ಟವೋ ಚಿತ್ರ ಬರೆಯಲು ಇಷ್ಟವೋ ಎಂಬುದು ಸಿಗುವುದಿಲ್ಲ. ತಾಯಿಯ ಫೋನಿನಲ್ಲಿ ಆ ಮಗುವಿನ ಹತ್ತು ಹಾಳೆ, ನಾಲ್ಕು ದನಿ ಇದ್ದರೆ ಹೊಸ ಶಿಕ್ಷಕರು ಮೊದಲ ದಿನವೇ ಕೆಲಸ ಶುರುಮಾಡಬಹುದು. ಒಂದನೇ ತರಗತಿಯ ಅ, ಆ ಇಂದ ಮತ್ತೆ ತೊಡಗಬೇಕಿಲ್ಲ.

ಫೋನು ಎಲ್ಲರ ಬಳಿ ಎಲ್ಲಿದೆ ಎಂದು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಶಿಕ್ಷಣದ ಸ್ಥಿತಿಗತಿ ಹೇಳುವ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು 2018ರಲ್ಲಿ ಶೇ 36.5. 2021ರ ಹೊತ್ತಿಗೆ ಅದು ಶೇ 67.6ಕ್ಕೆ ಏರಿತು. ಆಮೇಲೂ ಏರಿದೆ. ಆದರೆ ಫೋನಿದ್ದ ಮನೆಗಳಲ್ಲೂ ನಾಲ್ಕನೇ ಒಂದಕ್ಕಿಂತ ಹೆಚ್ಚು ಮಕ್ಕಳ ಕೈಗೆ ಅದು ಸಿಗುತ್ತಿರಲಿಲ್ಲ ಎಂದೂ 2021ರ ವರದಿಯೇ ಹೇಳಿತು. ಫೋನು ಅಪ್ಪನ ಜೇಬಿನಲ್ಲಿ ಹೊರಗೆ ಹೋಗುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು, ಏಕೆಂದರೆ ಇಲ್ಲಿ ನೋಡಬೇಕಾದವರು ದೊಡ್ಡವರು. ಅಪ್ಪ ರಾತ್ರಿ ಮನೆಗೆ ಬಂದ ಮೇಲೆ ಎಲ್ಲರೂ ಕೂತು ನೋಡಲಿ ಎಂದು ಸಂಜೆ ಏಳರ ನಂತರ ತಲುಪುವಂತೆ ಕಳಿಸಿ. ಫೋನೇ ಇಲ್ಲದ ಮನೆ ತರಗತಿಗೆ ಎರಡೋ ಮೂರೋ ಇದ್ದೇ ಇರುತ್ತವೆ. ಆ ಮನೆಗಳ ತಾಯಂದಿರಿಗೆ ಮೊದಲು ತೋರಿಸಿ. ಬಿಸಿಯೂಟದ ಹೊತ್ತಿಗೆ, ಶಾಲೆ ಬಿಡುವ ಹೊತ್ತಿಗೆ, ರೇಷನ್ ಅಂಗಡಿಯ ಸಾಲಿನಲ್ಲಿ, ಎಲ್ಲಿ ಸಿಕ್ಕರೆ ಅಲ್ಲಿ ನಿಮ್ಮದೇ ಫೋನಿನಲ್ಲಿ ಕೇಳಿಸಿ. ಮೂಲ ಹಾಳೆಯನ್ನು ಮಗುವಿನ ಚೀಲದಲ್ಲಿ ಮನೆಗೆ ಕಳಿಸಿ. ಆ ಎರಡು ಮನೆ ಬಿಟ್ಟುಹೋಗುವುದಾದರೆ ಈ ಕೆಲಸ ಮಾಡಲೇಬೇಡಿ, ಅಷ್ಟು ಖಂಡಿತವಾಗಿ ಹೇಳುತ್ತೇನೆ.

ಏನು ಕಳಿಸಬೇಕು ಎಂಬಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಮುದ್ದಾದ ಅಕ್ಷರದ ಹಾಳೆ, ಬಹುಮಾನ ಬಂದ ಚಿತ್ರ, ತಪ್ಪಿಲ್ಲದ ಓದು ಇಷ್ಟನ್ನೇ ಆರಿಸಿ ಕಳಿಸಿದರೆ ಅದು ಶಾಲೆಯ ಜಾಹೀರಾತು. ಮೊದಲ ಕರಡು ಇರಲಿ, ಅಳಿಸಿ ತಿದ್ದಿದ್ದು ಇರಲಿ, ಮೂರು ವಾರದ ನಂತರದ್ದೂ ಇರಲಿ. ಆರಿಸುವಾಗ ಮಗುವನ್ನು ಕೇಳಿ: ಇದರಲ್ಲಿ ಯಾವುದನ್ನು ಅವ್ವಗೆ ತೋರಿಸೋಣ? ಯಾಕೆ ಅದು? ತನ್ನ ಕಲಿಕೆಯನ್ನು ತಾನೇ ನೋಡಿಕೊಳ್ಳುವುದು ಮಗುವಿಗೆ ಅಲ್ಲಿಂದ ಶುರುವಾಗುತ್ತದೆ. ನಾಲ್ಕನೇ ತರಗತಿಯಿಂದ ಮೇಲಿನ ಮಕ್ಕಳು ಫೋಟೊವನ್ನು ತಾವೇ ತೆಗೆಯುತ್ತಾರೆ, ನಮಗಿಂತ ಚೆನ್ನಾಗಿ.

ಜೊತೆಗೆ ನಿಮ್ಮ ಮಾತು ಎರಡು ಸಾಲು ಇರಬೇಕು. ಗುಡ್, ವೆರಿ ಗುಡ್, ಇನ್ನೂ ಪ್ರಯತ್ನಿಸಬೇಕು ಎಂಬುದು ಬೇಡ. ನೀವು ಕಂಡದ್ದನ್ನು ಹೇಳಿ, ಮನೆಯಲ್ಲಿ ಆಗುವಂಥ ಒಂದನ್ನು ಕೇಳಿ. ಮಗು ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆದಿದೆ ಎನ್ನಿ. ಹೀಗೆ ಹೇಳಬಹುದು: "ಬಾವಿ, ಬೇವಿನ ಮರ, ಹಿಟ್ಟಿನ ಗಿರಣಿ ಎಲ್ಲ ಸರಿಯಾದ ಜಾಗದಲ್ಲಿವೆ. ದಿಕ್ಕು ಮಾತ್ರ ಇನ್ನೂ ಗೊಂದಲ. ನಾಳೆ ಬೆಳಿಗ್ಗೆ ಅಂಗಳದಲ್ಲಿ ಹೊತ್ತು ಹುಟ್ಟುವ ಕಡೆ ಮುಖ ಮಾಡಿ ನಿಲ್ಲಿಸಿ, ಎಡಗೈ ಕಡೆ ಯಾವ ಊರು ಬರುತ್ತದೆ ಕೇಳಿ." ಇದನ್ನು ಬರೆಯಬೇಡಿ, ಮಾತಿನಲ್ಲೇ ಕಳಿಸಿ. ಓದಲಾರದವರಿಗೂ ತಲುಪುತ್ತದೆ, ನಿಮಗೂ ಬೇಗ ಆಗುತ್ತದೆ. ತಾಂಡಾದ ತಾಯಿ ಲಂಬಾಣಿಯಲ್ಲಿ ಉತ್ತರಿಸಲಿ, ಗಡಿಯ ಊರಿನ ಅಪ್ಪ ತೆಲುಗಿನಲ್ಲಿ ಹೇಳಲಿ, ಇನ್ನೊಬ್ಬರು ಉರ್ದುವಿನಲ್ಲಿ. ಮಗುವೇ ನಿಮಗೆ ಕನ್ನಡ ಮಾಡಿ ಹೇಳುತ್ತದೆ. ಮನೆಯ ಭಾಷೆ ತರಗತಿಯಲ್ಲಿ ಕೇಳಿಸಿದ ದಿನ ಆ ಮಗು ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ನೀವೇ ನೋಡುತ್ತೀರಿ.

ನ್ಯೂಜಿಲೆಂಡಿನ ಶಿಶುಶಿಕ್ಷಣದಲ್ಲಿ ಇದನ್ನು ಬಹಳ ಕಾಲದಿಂದ ಮಾಡುತ್ತ ಬಂದಿದ್ದಾರೆ. 1996ರಲ್ಲಿ ಅಲ್ಲಿ ಬಂದ ತೆ ಫಾರಿಕಿ ಎಂಬ ಪಠ್ಯಕ್ರಮದ ನಾಲ್ಕು ತತ್ವಗಳಲ್ಲಿ ಕುಟುಂಬ ಮತ್ತು ಸಮುದಾಯವೂ ಒಂದು. ಆ ಪಠ್ಯಕ್ರಮ ರೂಪಿಸಿದವರಲ್ಲಿ ಒಬ್ಬರಾದ ಮಾರ್ಗರೆಟ್ ಕಾರ್, ಪಟ್ಟಿಗೆ ಗುರುತು ಹಾಕುವ ಮೌಲ್ಯಮಾಪನದ ಬದಲು ಕಲಿಕೆಯ ಕಥೆ ಬರೆಯುವ ಪದ್ಧತಿ ತಂದರು. ಮಗು ಏನು ಮಾಡುತ್ತಿತ್ತು, ಎಲ್ಲಿ ತೊಡಕಾಯಿತು, ಹೇಗೆ ಬಿಡಿಸಿಕೊಂಡಿತು ಎಂದು ಶಿಕ್ಷಕರು ಕಥೆಯಾಗಿ ಬರೆಯುತ್ತಾರೆ, ಎಷ್ಟೋ ಸಲ ಮಗುವನ್ನೇ ಉದ್ದೇಶಿಸಿ. ಮನೆಯವರು ತಮ್ಮ ಮಾತನ್ನು ಅದಕ್ಕೆ ಸೇರಿಸುತ್ತಾರೆ. ಮೊದಲು ಕಾಗದದ ಪುಸ್ತಕವಾಗಿದ್ದುದು ಈಗ ಬಹಳ ಕಡೆ ಆನ್‌ಲೈನ್ ಆಗಿದೆ. ಅವರ ತಂತ್ರಾಂಶ ನಮಗೆ ಬೇಕಿಲ್ಲ. ಮನೆಯವರ ಮಾತಿಗೆ ಅದೇ ಪುಟದಲ್ಲಿ ಜಾಗ ಇಟ್ಟದ್ದು ನಮಗೆ ಬೇಕು. ಇಲ್ಲಿನ ಕೆಲವು ಖಾಸಗಿ ಶಾಲೆಗಳ ಆ್ಯಪ್‌ಗಳನ್ನು ನೋಡಿದ್ದೇನೆ. ಹೋಮ್‌ವರ್ಕ್, ಫೀಸಿನ ಗಡುವು, ಬಸ್ಸಿನ ಸಮಯ. ಪೋಷಕರು ಹೇಳುವುದಕ್ಕೆ ಅಲ್ಲಿ ಏನೂ ಇಲ್ಲ. ಅದನ್ನು ನೋಡಿ ನಾವು ಹಿಂದುಳಿದೆವು ಎಂದುಕೊಳ್ಳಬೇಡಿ.

ನಿಮ್ಮ ಹೊರೆ ನನಗೆ ಗೊತ್ತು. ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಬಿಸಿಯೂಟದ ಅಕ್ಕಿ–ಬೇಳೆ, ಆನ್‌ಲೈನ್ ಎಂಟ್ರಿಗಳು, ಗಣತಿ, ಚುನಾವಣೆ. ಒಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ ಐದು ತರಗತಿ ಒಟ್ಟಿಗೆ. ಆದ್ದರಿಂದ ದಿನಕ್ಕೆ ಎರಡೇ ಮಗು. 30 ಮಕ್ಕಳ ತರಗತಿಯಾದರೆ 15 ಶಾಲಾ ದಿನಗಳಲ್ಲಿ ಎಲ್ಲರ ಸರದಿ ಮುಗಿಯುತ್ತದೆ. ಒಂದು ಮಗುವಿಗೆ ನಾಲ್ಕೈದು ನಿಮಿಷ. ಹೊಸ ಆ್ಯಪ್ ಬೇಡ, ಹೊಸ ಪಾಸ್‌ವರ್ಡ್ ಬೇಡ. ಮಗುವಿಗೊಂದು ಫೋಲ್ಡರು, ಒಳಗೆ ತಾರೀಖು. ವಾಟ್ಸ್ಆ್ಯಪ್‌ನಲ್ಲೇ ಬಿಟ್ಟರೆ ಫೋನು ತುಂಬಿದ ದಿನ ಎಲ್ಲ ಅಳಿಸಿಹೋಗುತ್ತದೆ, ಅದಕ್ಕೇ ಡ್ರೈವ್‌ನಲ್ಲಿ ಇಡಿ. ಗೂಗಲ್ ಖಾತೆಯೊಂದಕ್ಕೆ 15 ಜಿಬಿ ಉಚಿತವಾಗಿ ಸಿಗುತ್ತದೆ. ಫೋಟೊ, ದನಿ ಅಷ್ಟೇ ಇಟ್ಟರೆ ಒಂದು ತರಗತಿಗೆ ಧಾರಾಳ. ವಿಡಿಯೊ ಚಟ ಬೇಡ.

ಇದನ್ನು ಓದುವ ಸಿಆರ್‌ಪಿ, ಬಿಇಒಗಳಿಗೆ ಕೈಮುಗಿದು ಒಂದು ಮಾತು. ಇದಕ್ಕೊಂದು ನಮೂನೆ ಮಾಡಬೇಡಿ. ಯಾವ ಶಾಲೆ ಎಷ್ಟು ಅಪ್‌ಲೋಡ್ ಮಾಡಿತು ಎಂದು ಶೇಕಡಾವಾರು ಕೇಳಬೇಡಿ. ಕೇಳಿದ ಮರುದಿನವೇ ಒಂದೇ ಹಾಳೆ ಮೂವತ್ತು ಮಕ್ಕಳ ಹೆಸರಿನಲ್ಲಿ ನಿಮಗೆ ತಲುಪುತ್ತದೆ. ಶಾಲೆಗೆ ಬಂದಾಗ ಯಾವುದಾದರೂ ಒಂದು ಮಗುವಿನ ಫೋಲ್ಡರು ತೆರೆಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಸಾಕು. ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದಕ್ಕೆ ಮೊದಲು, ಮನೆಯವರು ಒಪ್ಪಿದ ಒಂದು ಮಗುವಿನ ಜುಲೈನ ಓದು, ಡಿಸೆಂಬರಿನ ಓದು ಎರಡನ್ನೂ ಕೇಳಿಸಿ. ಮಾತು ತಾನಾಗಿ ಕಲಿಕೆಯ ಕಡೆ ತಿರುಗುತ್ತದೆ.

ಗುಂಪಿಗೆ ಹಾಕಬೇಡಿ. ಇದನ್ನು ದೊಡ್ಡ ದನಿಯಲ್ಲಿ ಹೇಳಬೇಕು. ಒಂದು ಮಗುವಿನ ಹಾಳೆ ಆ ಮಗುವಿನ ಮನೆಗೆ ಮಾತ್ರ. ಗುಂಪಿಗೆ ಬಿದ್ದ ಕ್ಷಣ ಅವರ ಮಗಳು ಇಷ್ಟು ಓದುತ್ತಾಳೆ, ನೀನು ನೋಡು ಎಂಬ ಹೋಲಿಕೆ ಶುರು. ಓದಲು ಮುಗ್ಗರಿಸುವ ಮಗುವಿನ ದನಿ ಊರವರ ನಗುವಿಗೆ ಸಿಕ್ಕಿಬಿಡುತ್ತದೆ. ಆಮೇಲೆ ಆ ಮಗು ಬಾಯಿ ತೆರೆಯುವುದಿಲ್ಲ. ಮಕ್ಕಳ ಮುಖ ಹಾಕಿ ರೀಲ್ಸ್ ಮಾಡುವ ಉತ್ಸಾಹ ಈಚೆಗೆ ನಮ್ಮಲ್ಲೂ ಬಂದಿದೆ. ಪ್ರೀತಿಯಿಂದಲೇ ಮಾಡುತ್ತೀರಿ, ಆದರೂ ದಯವಿಟ್ಟು ನಿಲ್ಲಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದ ಎಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾನೂನಿನ ಮಾತು ಹಾಗಿರಲಿ, ವರ್ಷದ ಮೊದಲ ಎಸ್‌ಡಿಎಂಸಿ ಸಭೆಯಲ್ಲೇ ಏನು ದಾಖಲಿಸುತ್ತೇವೆ, ಎಲ್ಲಿ ಇಡುತ್ತೇವೆ, ಯಾರು ನೋಡುತ್ತಾರೆ ಎಂದು ತಿಳಿಸಿ ಹೇಳಿ, ಒಬ್ಬೊಬ್ಬ ಪೋಷಕರ ಒಪ್ಪಿಗೆಯನ್ನೂ ಪಡೆಯಿರಿ. ಬೇಡ ಎಂದವರ ಮಗುವಿಗೆ ಕಾಗದದ ಫೈಲು. ಅವರನ್ನು ಒತ್ತಾಯಿಸಬೇಡಿ. ಮಗು ಇವತ್ತು ಬೇಡ ಮೇಡಂ ಎಂದರೂ ಫೋನು ಕೆಳಗಿಡಿ.

ಎಲ್ಲ ತರಗತಿಗೂ ಒಮ್ಮೆಲೇ ಬೇಡ. ಹಾಜರಿ ಪುಸ್ತಕದಲ್ಲಿ ಯಾವ ಮಗುವಿನ ಮನೆಯವರು ಒಮ್ಮೆಯೂ ಸಭೆಗೆ ಬಂದಿಲ್ಲವೋ ಆ ಹೆಸರುಗಳಿಂದ ಈ ವಾರ ತೊಡಗಿ. ಮೊದಲ ಸಲ ಉತ್ತರ ಬರದಿರಬಹುದು. ಶಾಲೆಯಿಂದ ಫೋನು ಬಂದರೆ ಏನೋ ದೂರು ಎಂದೇ ತಿಳಿದವರು ಅವರು. ಎರಡನೇ ಸಲವೂ ಕಳಿಸಿ, ಮೂರನೇ ಸಲವೂ ಕಳಿಸಿ. ಮಾರ್ಚ್ ಬಂದಾಗ ಮಗುವನ್ನು ಕೂರಿಸಿಕೊಂಡು ಇಡೀ ವರ್ಷದ್ದನ್ನು ನೋಡಿ, ಮುಂದಿನ ತರಗತಿಯ ಶಿಕ್ಷಕರಿಗೆ ಯಾವುದನ್ನು ತೋರಿಸಬೇಕು ಎಂದು ಅದೇ ಆರಿಸಲಿ. ಶಾಲೆ ಬಿಡುವ ಮಗುವಾದರೆ ಟಿ.ಸಿ. ಕೊಡುವ ದಿನವೇ ಫೋಲ್ಡರನ್ನು ಪೂರ್ತಿಯಾಗಿ ತಾಯಿಯ ಫೋನಿಗೆ ಹಾಕಿಕೊಟ್ಟು, ತೆರೆದು ತೋರಿಸಿ, ಆಮೇಲೆ ನಿಮ್ಮಲ್ಲಿರುವುದನ್ನು ಅಳಿಸಿ.

ಇಂತಿ ನಿಮ್ಮ,
ಒಬ್ಬ ನಿವೃತ್ತ ನಲಿ-ಕಲಿ ಶಿಕ್ಷಕಿ